ಸೋತೆತ್ತಿನ ಬಾಲ

ನಮ್ಮ ಮಂಡ್ಯದ ಕಡೆ ಕಾಲ್ಗುಣ ನೋಡುವುದು ಮನೆಗೆ ಬಂದ ಹೊಸ ಸೊಸೆಯದ್ದು, ಇಲ್ಲವೇ ಕೊಟ್ಟಿಗೆಗೆ ಬಂದ ಹೊಸ ಹಸುವಿನದ್ದು. ನಲವತ್ತೇಳು ವರ್ಷದ, ಎಡ ಮೊಣಕಾಲು ಸವೆದ, ದುಬೈನ ಜೆಬೆಲ್ ಅಲಿಯ ಒಂದು ಗೋದಾಮಿನ ಕಚೇರಿಯಲ್ಲಿ ಕಸ್ಟಮ್ಸ್ ಕಾಗದಪತ್ರ ಸಿದ್ಧಪಡಿಸುವ ಗಂಡಸಿಗೂ ಕಾಲ್ಗುಣವಿದೆಯೆಂದು ಯಾರೂ ಹೇಳುವುದಿಲ್ಲ. ಅದಕ್ಕೇ ನನ್ನ ಗೆಳೆಯ ಕಾರು ಓಡಿಸುತ್ತಾ, “ನಿಮ್ಮ ಕಾಲ್ಗುಣ ಅಂದ್ರೆ ಕಾಲ್ಗುಣ ಮಾರಾಯ್ರೆ. ಅದನ್ನು ಮಾತ್ರ ನಾನು ಮರೀಲಿಕ್ಕಿಲ್ಲ” ಎಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಅವನು ಆಗಷ್ಟೇ ಒಂದು ಬೆಡ್‌ರೂಮಿನ ಮನೆಯಿಂದ ಎರಡು ಬೆಡ್‌ರೂಮಿನ ಮನೆಗೆ ಹೋಗಿದ್ದ. ಕಂಪನಿಯಲ್ಲಿ ಸಂಬಳ ಏರಿತು ಎಂದಿದ್ದ. ಆ ಏರಿಕೆಗೆ ನಾನೇ ಕಾರಣ ಎನ್ನುತ್ತಿದ್ದಾನೆ ಎಂದುಕೊಂಡೆ.

ಸಂಜೆ ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

“ಒಳ್ಳೆ ಕಾಲ್ಗುಣ ಅಂದ್ರಾ, ಬರೀ ಕಾಲ್ಗುಣ ಅಂದ್ರಾ?”

“ಕಾಲ್ಗುಣ ಅಂದ್ರೆ ಒಳ್ಳೇದೇ ಕಣೇ. ಕೆಟ್ಟದ್ದಾಗಿದ್ರೆ ಯಾರಾದ್ರೂ ಎದುರಿಗೆ ಹೇಳ್ತಾರಾ?”

“ಎದುರಿಗೆ ಹೇಳಲ್ಲ ಅಂತಲೇ ಕೇಳ್ದೆ” ಎಂದು ಚಪಾತಿಯನ್ನು ಕಾವಲಿಗೆ ಹಾಕಿದಳು. ಇವಳಿಗೆ ಎಲ್ಲದರಲ್ಲೂ ಹುಳುಕು ಹುಡುಕುವುದೇ ಕೆಲಸ ಎಂದು ನಾನು ಟಿ.ವಿ. ಹಾಕಿಕೊಂಡು ಕೂತೆ.

ಆ ಗೆಳೆಯ ಉಡುಪಿ ಕಡೆಯವನು. ನನಗಿಂತ ಐದಾರು ವರ್ಷ ಚಿಕ್ಕವನು. ನಮ್ಮ ಪಕ್ಕದ ಗೋದಾಮಿನ ಕಂಪನಿಯಲ್ಲಿ ಖರೀದಿ ವಿಭಾಗದಲ್ಲಿದ್ದ. ಇಬ್ಬರ ಮನೆಯೂ ಡಿಸ್ಕವರಿ ಗಾರ್ಡನ್ಸ್‌ನಲ್ಲೇ. ಎದುರಿಗಿದ್ದಾಗ ಅವನನ್ನು ನಾನು ಯಾವತ್ತೂ ಏಕವಚನದಲ್ಲಿ ಕರೆದವನಲ್ಲ. ಅವನೂ ನನ್ನನ್ನು ಹಾಗೆ ಕರೆದವನಲ್ಲ. ಈಗ ಬರೆಯುವಾಗ ಅವನು, ಇವನು ಎನ್ನುತ್ತಿದ್ದೇನೆ. ಇಷ್ಟಾದರೂ ಸೇಡು ನನಗೆ ದಕ್ಕಲಿ.

ಪರಿಚಯವಾದದ್ದು ಒಂದು ಅಕ್ಟೋಬರ್ ಬೆಳಿಗ್ಗೆ, ಕಂಪನಿ ಬಸ್ಸು ನಿಲ್ಲುವ ಜಾಗದಲ್ಲಿ. ಅವನ ಕಾರು ಅಂದು ಗ್ಯಾರೇಜಿನಲ್ಲಿತ್ತು. ಫೋನಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಾ ನಿಂತಿದ್ದ. ಎರಡು ಮೂರು ಸಲ ಕಣ್ಣು ಹಾಯಿಸಿದ ನಾನು ತಡೆಯಲಾರದೆ ಹೇಳಿಬಿಟ್ಟೆ.

“ಇದು ಬೀಳಲ್ಲ.”

ಆಟಗಾರ ಫ್ರೀ ಥ್ರೋಗೆ, ಯಾರೂ ಅಡ್ಡ ಬರದೆ ಎಸೆಯುವ ಎಸೆತಕ್ಕೆ, ಗೆರೆಯ ಹಿಂದೆ ನಿಂತಿದ್ದ. ಎಸೆದ. ಚೆಂಡು ರಿಂಗಿಗೆ ಬಡಿದು ಆಚೆ ಹೋಯಿತು. ಎರಡನೆಯದಕ್ಕೆ ಸಿದ್ಧನಾದ. “ಇದೂ ಬೀಳಲ್ಲ” ಎಂದೆ. ಬೀಳಲಿಲ್ಲ.

ಅವನು ತಿರುಗಿ ನೋಡಿದ. “ನಿಮಗೆ ಹೇಗೆ ಗೊತ್ತಾಯ್ತು ಮಾರಾಯ್ರೆ?”

“ಮೊಣಕಾಲು ಬಗ್ಗಿಸಲಿಲ್ಲ ನೋಡಿ. ಬರೀ ಕೈಲಿ ಎಸೀತಾವ್ನೆ. ಸುಸ್ತಾಗ್ಬುಟ್ಟದೆ ಅವ್ನಿಗೆ.”

ಮಂಡ್ಯ ಎಂದರೆ ಜನಕ್ಕೆ ಕಬ್ಬು, ಬೆಲ್ಲ ನೆನಪಾಗುತ್ತದೆ. ನಮ್ಮ ಹುಡುಗಾಟದ ಕಾಲದಲ್ಲಿ ಅಲ್ಲಿ ಬ್ಯಾಸ್ಕೆಟ್‌ಬಾಲಿನ ಹುಚ್ಚಿತ್ತು. ಸಿಮೆಂಟಿನ ಕೋರ್ಟು, ತುಕ್ಕು ಹಿಡಿದ ರಿಂಗು, ಬಲೆಯಿಲ್ಲದ ಕಾರಣ ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂದು ಜಗಳ. ನಮ್ಮ ಕೋಚು ಚೆಂಡು ಕೊಡುವ ಮೊದಲು ಮೂರು ವಾರ ಬರೀ ಮೊಣಕಾಲು ಬಗ್ಗಿಸಿ ನಿಲ್ಲಿಸಿದ್ದ. ಜಿಲ್ಲೆಗೆ ಆಡಿದೆ, ಒಂದೆರಡು ಸಲ ರಾಜ್ಯದ ಆಯ್ಕೆಯ ಹೊಸ್ತಿಲವರೆಗೂ ಹೋದೆ, ಆಮೇಲೆ ಮೊಣಕಾಲು ಕೈಕೊಟ್ಟಿತು. ದುಬೈಗೆ ಬಂದು ಹತ್ತೊಂಬತ್ತು ವರ್ಷ. ಅಷ್ಟು ವರ್ಷದಲ್ಲಿ ಈ ಆಟದ ಬಗ್ಗೆ ಒಂದು ಮಾತು ನನ್ನನ್ನು ಕೇಳಿದವರಿಲ್ಲ. ಕನ್ನಡದವರು ಸೇರಿದರೆ ಕ್ರಿಕೆಟ್ಟು, ವೀಸಾ, ಮನೆ ಬಾಡಿಗೆ. ಅವನೊಬ್ಬ ಕೇಳಿದ. ಅಲ್ಲಿಗೆ ನಾನು ಬಿದ್ದೆ ಎಂದೇ ಹೇಳಬೇಕು.

ಮರುದಿನದಿಂದ ಅವನ ಕಾರಿನಲ್ಲೇ ಹೋಗಿಬರುವುದಾಯಿತು. ಪೆಟ್ರೋಲಿಗೆ ಕೊಡುತ್ತೇನೆಂದರೆ, “ಎಂತ ಮಾರಾಯ್ರೆ, ಮನೆಯವರ ಹತ್ರ ತಕ್ಕೊಳ್ತಾರಾ?” ಎಂದ.

ಅಮೆರಿಕದಲ್ಲಿ ರಾತ್ರಿ ನಡೆಯುವ ಆಟ ನಮಗಿಲ್ಲಿ ಬೆಳಗಿನ ಜಾವದ್ದು. ನಾವು ಹೊರಡುವ ಆರೂವರೆಗೆ ಸರಿಯಾಗಿ ಕೊನೆಯ ಕ್ವಾರ್ಟರ್ ನಡೆಯುತ್ತಿರುತ್ತಿತ್ತು. ಅವನು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಫೋನು ಹಿಡಿದು ಆಟವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ತಂಡಗಳಿಗೆ ನಾವಿಟ್ಟ ಹೆಸರು ಅಂಗಿಯ ಬಣ್ಣದ್ದು. ಹಸಿರಿನವರು, ನೀಲಿಯವರು, ಅರಿಶಿನದವರು. “ಚೆಂಡು ಉದ್ದನೆಯವನ ಕೈಲದೆ. ಗುಂಗುರು ಕೂದಲವನಿಗೆ ಕೊಟ್ಟ. ಕೊಡ್ಬಾರ್ದಿತ್ತು. ನೋಡಿ, ಹೋಯ್ತು.” ನನ್ನ ಜೀವನದಲ್ಲಿ ಅಷ್ಟು ಹೊತ್ತು ಯಾರೂ ನನ್ನ ಮಾತನ್ನು ಬಾಯಿ ಹಾಕದೆ ಕೇಳಿದ್ದಿಲ್ಲ.

ಬಾಜಿಯ ವಿಷಯ ಅವನು ತೆಗೆದದ್ದು ಎರಡನೇ ವಾರ. ಈ ದೇಶದಲ್ಲಿ ಅದು ತಪ್ಪು, ಸಿಕ್ಕಿಬಿದ್ದರೆ ಕೆಲಸ, ವೀಸಾ ಎರಡೂ ಖಲಾಸ್ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ಚಿಕ್ಕಪ್ಪನ ಮಗನೊಬ್ಬ ಬೇರೆ ದೇಶದಲ್ಲಿದ್ದ. ಹಾಕುವುದು, ತೆಗೆಯುವುದು ಎಲ್ಲ ಅವನ ಕೈಯಲ್ಲಿ. ನಾನು ಸಣ್ಣದೊಂದು ಹಾಕಿದೆ. ಗೆದ್ದೆ. ಮತ್ತೆ ಹಾಕಿದೆ, ಮತ್ತೆ ಗೆದ್ದೆ. ಆ ವಾರ ಜೆಬೆಲ್ ಅಲಿಯ ಟ್ರೇಲರುಗಳೆಲ್ಲ ನನಗೆ ದಾರಿ ಬಿಡುತ್ತಿವೆ ಅನ್ನಿಸಿತು.

ಆಮೇಲೆ ಸೋಲತೊಡಗಿದೆ. ಈ ಬಾಜಿಯಲ್ಲಿ ಗೆದ್ದರಷ್ಟೇ ಸಾಲದು, ಇಷ್ಟು ಅಂಕಗಳ ಅಂತರದಲ್ಲಿ ಗೆಲ್ಲಬೇಕು. ಅದೂ ಆರೂವರೆ ಅಂಕ, ಒಂಬತ್ತೂವರೆ ಅಂಕ. ಬ್ಯಾಸ್ಕೆಟ್‌ಬಾಲಿನಲ್ಲಿ ಅರ್ಧ ಅಂಕ ಎಂಬುದನ್ನು ಯಾರು ಹೊಡೆದಿದ್ದಾರೆ ಹೇಳಿ. ಒಂದು ಬೆಳಿಗ್ಗೆ, ಆರೂವರೆ ಅಂಕದ ಅಂತರಕ್ಕೆ ನಾನು ಹಾಕಿದ್ದ ಹಸಿರಿನವರು ಎಂಟು ಅಂಕ ಮುಂದಿದ್ದರು. ಆಟ ಮುಗಿದೇ ಹೋಗಿತ್ತು, ಜನ ಎದ್ದು ಹೊರಡುತ್ತಿದ್ದರು. ಇಡೀ ಹೊತ್ತು ಬೆಂಚಿನ ಮೇಲೆ ಕೂತಿದ್ದ ಎದುರಾಳಿ ತಂಡದ ಒಬ್ಬ, ಎರಡು ಸೆಕೆಂಡಿದೆ ಎನ್ನುವಾಗ, ಯಾರೂ ತಡೆಯದಿದ್ದಾಗ, ಸುಮ್ಮನೆ ದೂರದಿಂದ ಒಂದು ಎಸೆದ. ಬಿತ್ತು. ಅಂತರ ಐದಕ್ಕೆ ಇಳಿಯಿತು. ಗೆದ್ದ ತಂಡದವರು ನಗುತ್ತಾ ಅವನ ಬೆನ್ನು ತಟ್ಟಿದರು. ನಾನು ಸೋತೆ. ಆ ಬೆಂಚಿನವನ ಮುಖ ಈಗಲೂ ನನಗೆ ನೆನಪಿದೆ, ನನ್ನ ಷಡ್ಡಕನ ಮುಖ ಅಷ್ಟು ನೆನಪಿಲ್ಲ.

ನನ್ನ ದೋಷ ನನಗೆ ಗೊತ್ತಿತ್ತು. ನಾನು ಚೆನ್ನಾಗಿ ಆಡುವವರ ಕಡೆ ವಾಲುತ್ತಿದ್ದೆ. ಚೆಂಡು ಹಂಚಿಕೊಂಡು ಆಡುವವರು, ಕಾಲು ಬಗ್ಗಿಸುವವರು, ಹಿರಿಯ ಆಟಗಾರನಿಗೆ ಮರ್ಯಾದೆ ಕೊಡುವವರು. ಅಂಥವರು ಗೆಲ್ಲಬೇಕು ಎಂಬುದು ನನ್ನ ಆಸೆ, ಬಾಜಿಗೆ ಅದರ ಹಂಗಿಲ್ಲ. ಜನವರಿಯ ಹೊತ್ತಿಗೆ ಸೋತು ಸುಣ್ಣವಾಗಿ ನನ್ನದನ್ನು ನಿಲ್ಲಿಸಿದೆ. ಅವನಿಗೂ ನಿಲ್ಲಿಸಿ ಎಂದೆ.

“ನೀವು ಹಾಕ್ಬೇಡಿ ಮಾರಾಯ್ರೆ. ನೀವು ಹೇಳಿ ಸಾಕು” ಎಂದ. “ನಿಮ್ಮಷ್ಟು ಈ ಆಟ ತಿಳಿದವರು ಯಾರುಂಟು?”

ಹಾಗಾಗಿ ಸಂಜೆ ಮನೆಗೆ ಮರಳುವಾಗ, ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ, “ನಾಳೆ ಯಾರು?” ಎಂದು ಅವನು ಕೇಳುವುದು, ನಾನು ಕಾರಣ ಸಮೇತ ಹೇಳುವುದು, ಬೆಳಿಗ್ಗೆ ಅದು ಸುಳ್ಳಾಗುವುದು. ನಾನು ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಆಟ ನೋಡತೊಡಗಿದೆ. ಗಾಯಗೊಂಡವರು ಯಾರು, ವಿಮಾನ ಇಳಿದು ನೇರ ಕೋರ್ಟಿಗೆ ಬಂದವರು ಯಾರು, ಎಲ್ಲ ಗುರುತು ಮಾಡಿಕೊಂಡೆ. ಆದರೂ ಹೆಚ್ಚಿನ ದಿನ ನಾನಂದದ್ದು ತಪ್ಪುತ್ತಿತ್ತು. ಕರಿನಾಲಿಗೆಯವರು ಆಡಿದ್ದು ಆಗುತ್ತದೆ ಎನ್ನುತ್ತಾರೆ. ನನ್ನ ನಾಲಿಗೆ ಆಡಿದ್ದು ಮಾತ್ರ ಆಗುತ್ತಿರಲಿಲ್ಲ.

ತಪ್ಪಿದ ದಿನ ಅವನು, “ನಮ್ದು ಹೋಯ್ತು ಮಾರಾಯ್ರೆ. ಇರ್ಲಿ, ನೀವು ಬೇಜಾರು ಮಾಡ್ಬೇಡಿ” ಎನ್ನುತ್ತಿದ್ದ. ನಮ್ದು ಎಂಬ ಆ ಮಾತು ನನ್ನ ಕರುಳು ಹಿಂಡುತ್ತಿತ್ತು. ಕಳೆದುಕೊಂಡವನೇ ಕಳೆಸಿದವನನ್ನು ಸಮಾಧಾನ ಮಾಡುತ್ತಿದ್ದಾನಲ್ಲ ಎಂದು. ಗೋದಾಮಿನ ಗೇಟಿನ ಹತ್ತಿರ ಬ್ಯಾರಿ ಕಾಕಾ ಒಬ್ಬರ ಕ್ಯಾಫೆಟೀರಿಯಾ ಇತ್ತು. ಸೋತ ಬೆಳಿಗ್ಗೆಗಳಲ್ಲಿ ಅಲ್ಲಿ ಕಾರು ನಿಲ್ಲಿಸಿ ಬನ್ಸು, ಗೋಳಿಬಜೆ, ಕಡಕ್ ಚಹಾ ಕೊಡಿಸುತ್ತಿದ್ದ. ನನ್ನ ಪಾಲಿನ ಬನ್ಸು ತಟ್ಟೆಯಲ್ಲೇ ಉಳಿಯುತ್ತಿತ್ತು.

ಒಮ್ಮೆ ಅವನು ಕೈ ತೊಳೆಯಲು ಹೋದಾಗ ಕಾಕಾ ಹೇಳಿದರು.

“ನಿಮ್ಮ ದೋಸ್ತಿದು ವಿಚಿತ್ರ ಮಾರಾಯ್ರೆ. ಸೋತ ದಿನ ಎರಡು ಬನ್ಸ್ ಜಾಸ್ತಿ ತಿಂತಾರೆ.”

“ದೊಡ್ಡ ಮನಸ್ಸು ಕಾಕಾ. ಸೋಲ್ನ ಹಂಗೇ ನುಂಗ್ಬುಡ್ತಾರೆ.”

“ನುಂಗುದು ನಾನೂ ನೋಡಿದ್ದೇನೆ” ಎಂದರು ಕಾಕಾ. ಆಮೇಲೆ ಒರೆಸಿದ್ದ ಟೇಬಲನ್ನೇ ಇನ್ನೊಮ್ಮೆ ಒರೆಸಿದರು. “ಈ ಬಾಜಿ ನಮಗೆ ಹರಾಂ. ನಿಮಗೂ ಒಳ್ಳೇದಲ್ಲ, ಅಷ್ಟೇ ಹೇಳುದು.”

ಅಪರೂಪಕ್ಕೆ ನಾನು ಹೇಳಿದ್ದು ಸರಿಯಾದರೆ ಅವನು ಮಂಕಾಗಿರುತ್ತಿದ್ದ. “ಇವತ್ತು ಸಣ್ಣದೇ ಹಾಕಿದ್ದು” ಎನ್ನುತ್ತಿದ್ದ. ಕ್ಯಾಫೆಟೀರಿಯಾ ಬಂದರೂ ಕಾರು ನಿಲ್ಲುತ್ತಿರಲಿಲ್ಲ. ದೊಡ್ಡದು ಹಾಕಲಿಲ್ಲವೆಂಬ ಹೊಟ್ಟೆಯುರಿ ಇರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ಇಷ್ಟೆಲ್ಲ ಕಣ್ಣೆದುರಿಗಿತ್ತು. ಕಸ್ಟಮ್ಸ್ ಕಾಗದದಲ್ಲಿ ಒಂದು ಅಂಕಿ ಆಚೀಚೆಯಾದರೆ ಹಿಡಿಯುವ ನಾನು ಇದನ್ನು ಹಿಡಿಯಲಿಲ್ಲ.

ಅವನ ಮಗಳಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಸೇರಿದ್ದಳು, ಆದರೆ ಅವಳನ್ನು ಬೆಂಚಿನಲ್ಲೇ ಕೂರಿಸುತ್ತಿದ್ದರು. ಅವನಿಗೆ ನನ್ನಿಂದಾದ ನಷ್ಟವನ್ನು ದುಡ್ಡಿನಲ್ಲಿ ತುಂಬುವ ಶಕ್ತಿ ನನಗಿರಲಿಲ್ಲ. ನಾನೇ ಬಾಯಿಬಿಟ್ಟು, “ಶನಿವಾರ ಸಂಜೆ ಮಗೂನ ಕಳಿಸಿ, ನಾನು ಹೇಳ್ಕೊಡ್ತೀನಿ” ಎಂದೆ. ಅವನ ಕಣ್ಣು ತುಂಬಿತು. “ನೀವು ದೇವರಂಥವರು ಮಾರಾಯ್ರೆ” ಎಂದ. ಆ ನೀರು ನಿಜವಾದದ್ದೇ ಇರಬೇಕು. ಅದೇ ನನಗೆ ಇವತ್ತಿಗೂ ಬಗೆಹರಿಯದ ವಿಷಯ.

ನಮ್ಮ ಕಟ್ಟಡಗಳ ನಡುವಿನ ಕೋರ್ಟಿನಲ್ಲಿ ಅವಳನ್ನು ಮೊದಲ ಮೂರು ವಾರ ಚೆಂಡಿಲ್ಲದೆ ನಿಲ್ಲಿಸಿದೆ. ಬೇರೆ ಮಕ್ಕಳಾಗಿದ್ದರೆ ಓಡಿಹೋಗುತ್ತಿದ್ದವು. ಇವಳು ನಿಂತಳು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. “ಬಗ್ಗಿಸು ಮಗಳೇ.” “ಐ ಯಾಮ್ ಬೆಂಡಿಂಗ್, ಅಂಕಲ್.” “ಬಗ್ಗಿಸಿದ್ದು ಸೊಂಟ, ಮೊಣಕಾಲಲ್ಲ.” ಮಾರ್ಚಿನ ಹೊತ್ತಿಗೆ ಹತ್ತರಲ್ಲಿ ಆರು ಫ್ರೀ ಥ್ರೋ ಬೀಳತೊಡಗಿದವು. ಏಪ್ರಿಲಿನಲ್ಲಿ ಅವಳನ್ನು ಶಾಲೆಯ ತಂಡದ ಮೊದಲ ಐವರಲ್ಲಿ ಇಳಿಸಿದರು. ನನಗೆ ಆಗ ಆದ ಸಂತೋಷ ಜಿಲ್ಲೆಗೆ ಆಯ್ಕೆಯಾದಾಗಲೂ ಆಗಿರಲಿಲ್ಲ.

ಮೇ ಕೊನೆಗೆ ಅಮೆರಿಕದಲ್ಲಿ ಸರಣಿಯ ಏಳನೆಯ ಆಟ, ಗೆದ್ದವರು ಅಂತಿಮ ಸುತ್ತಿಗೆ. ಒಂದು ಕಡೆ ಹಸಿರಿನವರು, ಇನ್ನೊಂದು ಕಡೆ ನೀಲಿಯವರು. ಅಂತರದ ತಕರಾರಿಲ್ಲ, ಯಾರು ಗೆಲ್ಲುತ್ತಾರೆ ಎಂಬುದಷ್ಟೇ. ಹಿಂದಿನ ಸಂಜೆ ಕಾರಿನಲ್ಲಿ ಅವನು ಎಸಿ ಸದ್ದು ತಗ್ಗಿಸಿ ಹೇಳಿದ.

“ಇದೊಂದು ದೊಡ್ಡದು ಹಾಕಿ ಬಿಡುದು ಅಂತ ಉಂಟು. ಹೋದದ್ದೆಲ್ಲ ಇದರಲ್ಲೇ ಬರ್ಬೇಕು. ಸರಿ ಆಲೋಚನೆ ಮಾಡಿ ಹೇಳಿ.”

ನನ್ನ ಬುದ್ಧಿ, ಮನಸ್ಸು ಎರಡೂ ಹಸಿರು ಎಂದವು. ಹೇಳಲು ಬಾಯಿ ತೆರೆದವನು ತಡೆದೆ. ಇಷ್ಟು ತಿಂಗಳು ನಾನು ಯಾರನ್ನು ಹೇಳಿದರೆ ಅವರು ಸೋತಿದ್ದಾರೆ. ನನ್ನ ಬಾಯಿಗೆ ಬಿದ್ದವರು ಉದ್ಧಾರವಾಗುವುದಿಲ್ಲ. ಈ ಸಲವೂ ಅವನನ್ನು ಮುಳುಗಿಸಬೇಕೇ? ನನಗೆ ಅನಿಸಿದ್ದರ ತಿರುಗಾಮುರುಗಾ ಹೇಳಿದರೆ ಅವನಾದರೂ ಬದುಕಿಕೊಳ್ಳುತ್ತಾನೆ. ಕಾರು ಎರಡು ಸಿಗ್ನಲ್ ದಾಟುವವರೆಗೆ ಇದನ್ನೇ ಯೋಚಿಸಿದೆ.

“ನೀಲಿ” ಎಂದೆ.

“ಖಂಡಿತವಾ?”

“ಖಂಡಿತ.”

“ಮನಸ್ಸಲ್ಲಿ ಇದ್ದದ್ದೇ ಹೇಳಿದ್ದಲ್ಲ? ಎದೆ ಮೇಲೆ ಕೈಯಿಟ್ಟು ಹೇಳಿ ಮಾರಾಯ್ರೆ.”

ಎದೆಯ ಮೇಲೆ ಕೈಯಿಟ್ಟು ಹೇಳಿದೆ. ಅವನಿಗೆ ನಾನು ಹೇಳಿದ ಒಂದೇ ಒಂದು ಸುಳ್ಳು ಅದು, ಅದೂ ಅವನ ಒಳ್ಳೆಯದಕ್ಕೆ.

ಮರುದಿನ ಬೆಳಿಗ್ಗೆ ನಾನು ಕಾರು ಹತ್ತುವಾಗ ಎರಡು ತಂಡವೂ ಸಮ. ದಾರಿಯಲ್ಲಿ ನೀಲಿಯವರು ಮುಂದೆ ಹೋದರು. ನಾನು ಕುಣಿಯುವುದೊಂದು ಬಾಕಿ. “ನೀಲಿಗೆ ಮೂರು... ಹಸಿರಿನವನು ಜಾರಿಬಿದ್ದ... ಮತ್ತೆ ನೀಲಿಗೆ ಎರಡು.” ಸ್ಟಿಯರಿಂಗ್ ಮೇಲೆ ಅವನ ಬೆರಳು ಬಿಳಿಚಿಕೊಂಡಿದ್ದವು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಗೋದಾಮುಗಳ ರಸ್ತೆಗೆ ತಿರುಗುವ ಹೊತ್ತಿಗೆ ಆಟ ಮುಗಿಯಿತು. ನೀಲಿಯವರು ಹನ್ನೊಂದು ಅಂಕದಿಂದ ಗೆದ್ದಿದ್ದರು.

“ಗೆದ್ವಿ ಕಣ್ರೀ” ಎಂದು ಅವನ ಭುಜ ಹಿಡಿದು ಅಲುಗಾಡಿಸಿದೆ. ನನ್ನ ಕಣ್ಣಲ್ಲಿ ನೀರಿತ್ತು. ಏಳು ತಿಂಗಳ ಭಾರ ಇಳಿದಿತ್ತು.

ಅವನು ರಸ್ತೆಯ ಬದಿಗೆ ಕಾರು ನಿಲ್ಲಿಸಿದ. ಮುಖ ಬಾಡಿಹೋಗಿತ್ತು.

“ನಿಜ ಹೇಳಿ. ನೀವು ಮನಸ್ಸಲ್ಲಿ ಯಾರು ಅಂದ್ಕೊಂಡದ್ದು?”

ನಾನು ನಗುತ್ತಲೇ ಗುಟ್ಟು ಬಿಟ್ಟುಕೊಟ್ಟೆ. “ಹಸಿರು ಅಂದ್ಕಂಡಿದ್ದೆ. ನನ್ನ ಬಾಯಿಗುಣ ಸರಿ ಇಲ್ವಲ್ಲ, ಅದ್ಕೇ ನಿಮ್ಗೋಸ್ಕರ ಉಲ್ಟಾ ಹೇಳ್ದೆ.”

“ಎಂತ ಮಾಡಿದ್ರಿ ಮಾರಾಯ್ರೆ” ಎಂದು ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿದ. “ನಾನು ಹಸಿರಿಗೆ ಹಾಕಿದ್ದು.”

“ಹಸಿರಿಗಾ? ನಾನು ನೀಲಿ ಅಂದಿದ್ನಲ್ಲ.”

ಪಕ್ಕದಲ್ಲಿ ಒಂದು ಉದ್ದನೆಯ ಟ್ರೇಲರ್ ಹೋಯಿತು. ಅದರ ಚಕ್ರಗಳೆಲ್ಲ ದಾಟುವಷ್ಟು ಹೊತ್ತು ಬೇಕಾಯಿತು ನನಗೆ ಅರ್ಥವಾಗಲು. ಬನ್ಸು ಅರ್ಥವಾಯಿತು. ಸರಿಯಾದ ದಿನದ ಮಂಕು ಅರ್ಥವಾಯಿತು. ಎರಡು ಬೆಡ್‌ರೂಮಿನ ಮನೆ ಅರ್ಥವಾಯಿತು. ಕೊನೆಗೆ ಕಾಲ್ಗುಣ ಎಂಬ ಮಾತು ಅರ್ಥವಾಯಿತು. ಆ ಮಾತಿನಲ್ಲಿ ಅವನು ಸುಳ್ಳು ಹೇಳಿರಲಿಲ್ಲ, ಒಳ್ಳೆಯದು ಎಂಬ ಪದವನ್ನು ನಾನೇ ಸೇರಿಸಿಕೊಂಡಿದ್ದೆ.

“ನಾನು ಹೇಳಿದ್ದಕ್ಕೆ ಉಲ್ಟಾ ಹಾಕ್ತಿರೋದು ಯಾವಾಗಿಂದ?” ಎಂದು ಕೇಳಿದೆ.

“ಪರಿಚಯ ಆಗಿ ಎರಡನೇ ತಿಂಗಳಿಂದ” ಎಂದ. ಆಮೇಲೆ ತಲೆಯೆತ್ತಿ, ನಿಜಕ್ಕೂ ನೊಂದವನ ದನಿಯಲ್ಲಿ, “ನೀವು ಮನಸ್ಸಲ್ಲಿ ಇದ್ದದ್ದು ಹೇಳ್ಬೇಕಿತ್ತು. ಎದೆ ಮುಟ್ಟಿ ಹೇಳಿದ್ರಿ ನೀವು. ಇದು ಮೋಸ ಅಲ್ವಾ?” ಎಂದ.

ಮೋಸ. ಆ ಪದವನ್ನು ಅವನು ನನಗೆ ಹೇಳಿದ. ಬಾಗಿಲು ತೆಗೆದು ಇಳಿದೆ. ಏಳು ಗಂಟೆಗೇ ನೆಲ ಕಾಯುತ್ತಿತ್ತು. ಗೋದಾಮುಗಳ ಗೋಡೆಯ ನೆರಳಿನಲ್ಲಿ ಮೊಣಕಾಲು ಎಳೆದುಕೊಂಡು ಮುಕ್ಕಾಲು ಗಂಟೆ ನಡೆದೆ. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಇವನು ಸೋತೆತ್ತಿನ ಬಾಲ ಹಿಡಿದು ಮನೆ ಸೇರಿಕೊಂಡಿದ್ದ, ಎತ್ತಿಗೆ ದಿನಾ ಮೈ ಸವರಿ ಬನ್ಸು ಹಾಕಿದ್ದ. ನನ್ನ ಸೋಲಿನಲ್ಲಿ ಅವನು ಗೆದ್ದದ್ದಕ್ಕಲ್ಲ ನನಗೆ ಉರಿದದ್ದು. ಅವನಿಗೆ ನಷ್ಟವಾಯಿತೆಂದು ನಾನು ನಾಲ್ಕು ಗಂಟೆಗೆ ಎದ್ದು ಒದ್ದಾಡುವುದನ್ನು ನೋಡಿಯೂ ಸುಮ್ಮನಿದ್ದನಲ್ಲ, ಅದಕ್ಕೆ.

ಮರುದಿನದಿಂದ ಕಂಪನಿ ಬಸ್ಸು ಹತ್ತಿದೆ. ಹೆಂಡತಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ನಾನು ಹೇಳಿರಲಿಲ್ಲವಾ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

“ಬುಡಿ ಅತ್ಲಾಗೆ” ಎಂದಳು. ಆಮೇಲೆ, “ಶನಿವಾರ ಆ ಮಗು ಬತ್ತದಲ್ಲ, ಏನ್ ಮಾಡೀರಿ?” ಎಂದಳು.

ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಶನಿವಾರ ಸಂಜೆ ಹುಡುಗಿ ಚೆಂಡು ಹಿಡಿದು ಕೋರ್ಟಿನಲ್ಲಿ ಒಬ್ಬಳೇ ನಿಂತಿದ್ದು ಬಾಲ್ಕನಿಯಿಂದ ಕಂಡಿತು. ಬರುವುದಿಲ್ಲ ಎಂದರೆ ಯಾಕೆಂದು ಕೇಳುತ್ತಾಳೆ. ಹನ್ನೊಂದು ವರ್ಷದವಳಿಗೆ ಅದಕ್ಕೆ ಉತ್ತರ ಯಾವ ಭಾಷೆಯಲ್ಲಿ ಕೊಡುವುದು? ಶೂ ಹಾಕಿಕೊಂಡು ಇಳಿದೆ. ಅವಳು ಏನನ್ನೂ ಕೇಳಲಿಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ.

ಜೂನಿನಲ್ಲಿ ಬೇಸಿಗೆ ರಜೆಗೆ ಮುಂಚೆ ಸಿಲಿಕಾನ್ ಓಯಸಿಸ್‌ನ ಒಂದು ಶಾಲೆಯಲ್ಲಿ ಅವಳ ತಂಡದ ಪಂದ್ಯವಿತ್ತು. “ಯೂ ಹ್ಯಾವ್ ಟು ಕಮ್, ಅಂಕಲ್” ಎಂದಿದ್ದಳು. ಹೆಂಡತಿಯನ್ನು ಕರೆದುಕೊಂಡು ಹೋದೆ. ಒಳಾಂಗಣದ ಕೋರ್ಟು, ಮರದ ನೆಲ. ಎದುರಾಳಿಗಳು ಇವಳಿಗಿಂತ ಗೇಣು ಎತ್ತರ.

ಎರಡೂ ತಂಡದವರು ಅಭ್ಯಾಸ ಮಾಡುವುದನ್ನು ಹತ್ತು ನಿಮಿಷ ನೋಡಿದೆ. ಎತ್ತರದ ಹುಡುಗಿಯರು ಬರೀ ಕೈಯಲ್ಲಿ ಎಸೆಯುತ್ತಿದ್ದರು, ನಮ್ಮವರು ಚೆಂಡು ಹಂಚಿಕೊಂಡು ಆಡುತ್ತಿದ್ದರು. ನಮ್ಮವರು ಗೆಲ್ಲುತ್ತಾರೆ ಎಂದು ನನಗೆ ಗೊತ್ತಾಯಿತು. ಅನಿಸಿದ್ದಲ್ಲ, ಗೊತ್ತಾದದ್ದು.

ಹುಡುಗಿ ನನ್ನನ್ನು ಕಂಡು ಓಡಿಬಂದಳು. ಅವಳ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಅವನೂ ನಿಂತಿದ್ದ. ಅಂದಿನ ಬೆಳಗಿನ ನಂತರ ನಾವು ಮಾತಾಡಿರಲಿಲ್ಲ.

“ವಿ ವಿಲ್ ವಿನ್, ರೈಟ್ ಅಂಕಲ್?” ಎಂದಳು. ದೊಡ್ಡವರೊಬ್ಬರ ಬಾಯಿಂದ ಹೌದು ಎಂಬ ಮಾತು ಅವಳಿಗೆ ಬೇಕಿತ್ತು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ನಮ್ಮ ಮಧ್ಯೆ ಬಂದು ಮಗಳ ಭುಜ ಹಿಡಿದು ಹಿಂದಕ್ಕೆ ಎಳೆದ.

“ಅದೆಲ್ಲ ಅಂಕಲ್ ಹತ್ರ ಕೇಳ್ಲಿಕ್ಕಿಲ್ಲ ಮಗಾ” ಎಂದ. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಎರಡೂ ಕೈ ಜೋಡಿಸಿ, “ದಮ್ಮಯ್ಯ ಮಾರಾಯ್ರೆ. ಅವಳ ಬಗ್ಗೆ ಮಾತ್ರ ಎಂತದೂ ಹೇಳ್ಬೇಡಿ” ಎಂದ.

ಅವನ ಕಣ್ಣಲ್ಲಿ ನಾಟಕ ಇರಲಿಲ್ಲ, ಭಯ ಇತ್ತು. ಆವರೆಗೆ ನಾನು ಅವನನ್ನು ಚಾಲಾಕಿ ಎಂದುಕೊಂಡಿದ್ದೆ, ನನ್ನ ತಪ್ಪುಗಳ ಲೆಕ್ಕ ಹಿಡಿದು ಆಟವಾಡಿದ ಎಂದುಕೊಂಡಿದ್ದೆ. ಹಾಗಿದ್ದರೂ ಎಷ್ಟೋ ವಾಸಿಯಿತ್ತು. ಆದರೆ ನಾನು ಯಾರನ್ನು ಗೆಲ್ಲುತ್ತಾರೆ ಎಂದರೂ ಅವರು ಸೋಲುತ್ತಾರೆಂದು ಅವನು ನಿಜಕ್ಕೂ ನಂಬಿದ್ದ. ದುಡ್ಡಿಗೆ ಬೇಕಾಗಿದ್ದ ನನ್ನ ಮಾತು ಮಗಳಿಗೆ ತಾಗಬಾರದಿತ್ತು. ಆರು ತಿಂಗಳು ಪ್ರತಿ ಶನಿವಾರ ಅವಳ ಹಿಂದೆ ನಿಂತು, ಮೊಣಕಾಲು ನೋವಿಗೆ ಪಟ್ಟಿ ಕಟ್ಟಿಕೊಂಡು ಕಲಿಸಿದವನ ಬಾಯಿಂದ ಒಂದು ಒಳ್ಳೆಯ ಮಾತು ಬರುವುದಕ್ಕೇ ಆ ತಂದೆ ಹೆದರಿದ್ದ. ನನ್ನ ಹೆಂಡತಿ ಏನೋ ಹೇಳಲು ಮುಂದೆ ಬಂದಳು. ಅವಳ ಕೈ ಹಿಡಿದು ತಡೆದೆ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು.

“ಮೊಣಕಾಲು ಬಗ್ಗಿಸು ಮಗಳೇ” ಎಂದೆ. ಅಷ್ಟೇ ಹೇಳಿದ್ದು.

ಕೊನೆಯ ಸಾಲಿನಲ್ಲಿ ಕೂತು ತುಟಿ ಬಿಗಿದುಕೊಂಡು ಪಂದ್ಯ ನೋಡಿದೆ. ಅವನು ಆಗಾಗ ತಿರುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದ. ಕೊನೆಯ ನಿಮಿಷದಲ್ಲಿ ಅವಳಿಗೆ ಎರಡು ಫ್ರೀ ಥ್ರೋ ಸಿಕ್ಕವು. ಬಗ್ಗಿಸಿದಳು, ಎರಡೂ ಬಿದ್ದವು. ನಮ್ಮವರು ಗೆದ್ದರು. ನಾನು ಗೆಲ್ಲುತ್ತಾರೆಂದೇ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.